ವಿಜಯನಗರದ ಮಹಾನವಮಿಯೂ ವಿದೇಶೀಯರ ಯಾತ್ರಾಕಾಲವೂ

ವಿಜಯನಗರದ ವೈಭವವನ್ನು ವರ್ಣಿಸುವ ವಿದೇಶೀಯ ಯಾತ್ರಿಕರ ಲೇಖನಗಳು ಚರಿತ್ರಕಾರರಿಗೆ ಬಹುಕಾಲದಿಂದ ಆಧಾರವಾಗಿರುವುವು. ಆ ಯಾತ್ರಿಕರು ಏನನ್ನು ಕಂಡರೆಂಬುದನ್ನು ವಿಚಾರಿಸಿದಷ್ಟು, ಯಾವ ಋತುವಿನಲ್ಲಿ ಬಂದು ಯಾವ ಋತುವಿನಲ್ಲಿ ಹೊರಟರೆಂಬುದನ್ನು ವಿಚಾರಿಸಿದುದು ಕಡಮೆ. ಆದರೆ ಉಷ್ಣದೇಶಗಳಲ್ಲಿ ಯಾತ್ರೆಯೆಂಬುದು ಯಾತ್ರಿಕನ ಇಚ್ಛೆಗೆ ಅಧೀನವಾದುದಲ್ಲ. ಅದು ಮೊದಲು ಗಾಳಿಮಳೆಗಳಿಗೂ, ಅನಂತರ ಪರ್ವೋತ್ಸವಗಳಿಗೂ ಅಧೀನವಾದುದು. ಈ ಅಂಶವನ್ನು ಗಮನಿಸಿದರೆ, ಅಬ್ದುರ್ ರಜಾಕನು ಕಂಡ ಉತ್ಸವದ ಕಾಲವನ್ನು ಕುರಿತ ಹಳೆಯ ವಿವಾದವೊಂದಕ್ಕೆ ಸಮಾಧಾನವು ದೊರೆಯುವಂತಿದೆ. ಅದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಶಾಸ್ತ್ರಗಳಲ್ಲಿ ಋತುಗಳು ಆರು. ಆದರೆ ಪ್ರಯಾಣದ ದೃಷ್ಟಿಯಿಂದ ಸಂವತ್ಸರವು ಎರಡೇ ಭಾಗವಾಗಿತ್ತು: ದಾರಿ ತೆರೆದಿರುವ ಕಾಲ, ದಾರಿ ಮುಚ್ಚಿರುವ ಕಾಲ. ಕೌಟಿಲ್ಯನು ದೀರ್ಘಕಾಲದ ದಂಡಯಾತ್ರೆಗೆ ಮಾರ್ಗಶೀರ್ಷವನ್ನೂ, ಮಧ್ಯಮಕಾಲದ ಯಾತ್ರೆಗೆ ಚೈತ್ರವನ್ನೂ, ಅಲ್ಪಕಾಲದ ಯಾತ್ರೆಗೆ ಜ್ಯೇಷ್ಠವನ್ನೂ ವಿಧಿಸಿರುವನು. ಮನುಸ್ಮೃತಿಯೂ ಮಾರ್ಗಶೀರ್ಷವನ್ನು, ಇಲ್ಲವೆ ಫಾಲ್ಗುನ ಚೈತ್ರಗಳನ್ನು ಹೇಳುತ್ತದೆ. ಕಾಳಿದಾಸನ ರಘುವು ದಿಗ್ವಿಜಯಕ್ಕೆ ಹೊರಟುದು ಶರತ್ಕಾಲದಲ್ಲಿ. ನದಿಗಳು ಇಳಿದು ಕೆಸರು ಒಣಗುವುದೇ ಹೊರಡುವುದಕ್ಕೆ ಸೂಚನೆ. ಯತಿಗಳಿಗಂತೂ ಆಷಾಢ ಶುದ್ಧ ಏಕಾದಶಿ ಮೊದಲುಗೊಂಡು ಕಾರ್ತಿಕದವರೆಗೆ ಸಂಚಾರವೇ ನಿಷಿದ್ಧವು. ಚಾತುರ್ಮಾಸ್ಯವೆಂಬ ಈ ವ್ರತಕ್ಕೆ ಧಾರ್ಮಿಕವಾದ ಕಾರಣಗಳಂತೆ ಪ್ರಾಕೃತಿಕವಾದ ಕಾರಣವೂ ಉಂಟು.

ಸಮುದ್ರಮಾರ್ಗದ ನಿಯಮವು ಇದಕ್ಕಿಂತಲೂ ಕಠಿನವಾದುದು. ಜೂನ್ ತಿಂಗಳಲ್ಲಿ ನೈರೃತ್ಯದ ಗಾಳಿ ಬಲಿತೊಡನೆ ಪಶ್ಚಿಮ ಕರಾವಳಿಯ ರೇವುಗಳು ಮುಚ್ಚುತ್ತಿದ್ದುವು. ಹೊನ್ನಾವರ, ಭಟ್ಕಳ, ಬಾರಕೂರು, ಮಂಗಳೂರು ಇವುಗಳ ಅಳಿವೆಗಳಲ್ಲಿ ಆ ಕಾಲಕ್ಕೆ ಹಡಗು ನಿಲ್ಲುವಂತಿರಲಿಲ್ಲ. ಮಳೆಯ ವೇಗವು ತಗ್ಗಿದ ಮೇಲೆ ವ್ಯಾಪಾರವು ಮರಳಿ ಆರಂಭವಾಗುತ್ತಿತ್ತು. ಈಶಾನ್ಯದ ಗಾಳಿ ಬೀಸುವ ಹೇಮಂತ ಶಿಶಿರಗಳಲ್ಲಿ ಪಾರಸೀಕ, ಅರಬ ದೇಶಗಳಿಗೆ ಹಿಂತಿರುಗುವುದು ಸುಲಭವಾಗಿತ್ತು. ಆದುದರಿಂದ ಹೊರದೇಶದಿಂದ ಬಂದವನು ಘಟ್ಟವನ್ನು ಹತ್ತಿ ರಾಜಧಾನಿಗೆ ಹೋದರೆ, ಹಿಂತಿರುಗುವ ದಿನವನ್ನು ಗಾಳಿಯೇ ಗೊತ್ತುಮಾಡುತ್ತಿತ್ತು.

ಇದಕ್ಕೆ ಅಬ್ದುರ್ ರಜಾಕನ ಪ್ರಯಾಣವೇ ಉತ್ತಮವಾದ ನಿದರ್ಶನವು. ತೈಮೂರನ ಮಗನಾದ ಶಾಹರುಖನ ರಾಯಭಾರಿಯಾಗಿ ಇವನು ಕ್ರಿ. ಶ. ೧೪೪೨ರ ಜನವರಿಯಲ್ಲಿ ಹೆರಾತಿನಿಂದ ಹೊರಟನು. ಹೊರ್ಮುಜಿನಲ್ಲಿ ವಿಳಂಬವಾಗಿ ಪ್ರಯಾಣಕ್ಕೆ ಯೋಗ್ಯವಾದ ಕಾಲವು ಮೀರಿಹೋಯಿತೆಂದೂ, ಬಿರುಗಾಳಿಯ ಮತ್ತು ಕಡಲುಗಳ್ಳರ ಭಯವುಳ್ಳ ಕಾಲದಲ್ಲಿ ಹಡಗನ್ನು ಹತ್ತಬೇಕಾಯಿತೆಂದೂ ಇವನೇ ಹೇಳಿಕೊಂಡಿರುವನು. ಮಸ್ಕತಿನ ಕಡೆಯಲ್ಲಿ ಬೇಸಗೆಯ ತಾಪದಿಂದ ಬಹಳವಾಗಿ ಬಳಲಿ, ಕಲ್ಲಿಕೋಟೆಯನ್ನು ಸೇರಿ, ಅಲ್ಲಿ ೧೪೪೩ರ ಏಪ್ರಿಲಿನವರೆಗೆ ಇದ್ದನು. ಇಮ್ಮಡಿ ದೇವರಾಯನ ಕರೆ ಬರಲು, ಮಂಗಳೂರಿನ ಮೂಲಕ ಘಟ್ಟವನ್ನು ಹತ್ತಿ ಅದೇ ತಿಂಗಳ ಕೊನೆಗೆ ವಿಜಯನಗರವನ್ನು ಸೇರಿದನು. ಮಳೆ ಹಿಡಿಯುವುದಕ್ಕೆ ಆಗ ಹೆಚ್ಚು ದಿನಗಳಿರಲಿಲ್ಲ. ಡಿಸೆಂಬರಿನಲ್ಲಿ ರಾಜಧಾನಿಯನ್ನು ಬಿಟ್ಟು, ೧೪೪೪ರ ಜನವರಿಯಲ್ಲಿ ಹೊನ್ನಾವರದಿಂದ ಹಡಗನ್ನೇರಿದನು. ಇವನು ಮಳೆಗಾಲವನ್ನೂ ಶರತ್ತನ್ನೂ ರಾಜಧಾನಿಯಲ್ಲಿ ಕಳೆದುದು ಉತ್ಸವವನ್ನು ನೋಡಬೇಕೆಂಬ ಸಂಕಲ್ಪದಿಂದಲ್ಲ. ಸಮುದ್ರವು ತೆರೆಯುವವರೆಗೆ ಬೇರೆ ಗತಿಯಿರಲಿಲ್ಲ.

ಇನ್ನು ಉತ್ಸವದ ವಿಚಾರ. ಅರಸನ ಆಜ್ಞೆಯಂತೆ ದೂರದೂರದ ನಾಯಕರೆಲ್ಲರೂ ಸಾವಿರ ಆನೆಗಳೊಡನೆ ಬಂದು ನೆರೆದರೆಂದೂ, ಮೂರು ದಿವಸಗಳ ಕಾಲ ಮಹೋತ್ಸವವು ನಡೆಯಿತೆಂದೂ, ಅದರ ಹೆಸರು ಮಹಾನವಿಯೆಂದೂ ರಜಾಕನು ಬರೆದಿರುವನು. ಕಾಲವು ರಜಬ್ ಮಾಸವೆಂದೂ ಹೇಳಿರುವನು. ತೊಡಕಿರುವುದು ಇಲ್ಲಿಯೇ. ಹಿಜರಿ ೮೪೭ರ ರಜಬ್ ತಿಂಗಳು ೧೪೪೩ರ ಅಕ್ಟೋಬರ್ ೨೫ರ ಸುಮಾರಿಗೆ ಆರಂಭವಾಗಿ ನವೆಂಬರ್ ೨೩ರ ಸುಮಾರಿಗೆ ಮುಗಿಯಿತು. ಆ ವರ್ಷದ ಆಶ್ವಯುಜ ಶುದ್ಧ ಪ್ರತಿಪತ್ತು ಸೆಪ್ಟೆಂಬರಿನ ಕೊನೆಯ ವಾರದಲ್ಲಿಯೂ, ನವಮಿಯು ಅಕ್ಟೋಬರಿನ ಮೊದಲ ವಾರದಲ್ಲಿಯೂ ಬೀಳುತ್ತವೆ. ಅಕ್ಟೋಬರ್ ೨೩ರ ಸುಮಾರಿಗೆ ಅಮಾವಾಸ್ಯೆಯು ಮುಗಿದು ಕಾರ್ತಿಕವು ಆರಂಭವಾಗುತ್ತದೆ. ರಜಬಿನ ಯಾವ ದಿನವನ್ನು ಹಿಡಿದರೂ ಅದು ಕಾರ್ತಿಕದಲ್ಲಿಯೇ ಬೀಳುವುದಲ್ಲದೆ ಮಹಾನವಮಿಗೆ ಹೊಂದುವುದಿಲ್ಲ. ಈ ವಿರೋಧವನ್ನು ಗುರುತಿಸಿದ ಸೀವೆಲ್ ಪಂಡಿತನು ೧೯೦೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ರಜಾಕನು ನೋಡಿದುದು ಮಹಾನವಮಿಯನ್ನಲ್ಲ, ಕಾರ್ತಿಕಾರಂಭದ ಹೊಸವರ್ಷದ ಉತ್ಸವವನ್ನು ಎಂದು ಊಹಿಸಿದನು.

ಈ ಊಹೆಗೆ ಪೋರ್ತುಗೀಸನಾದ ಡೊಮಿಂಗೊ ಪಾಯೆಸನ ಲೇಖನವು ಒಂದು ಮಟ್ಟಿಗೆ ಬೆಂಬಲವಾಗಿದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಇವನು, ಒಂಬತ್ತು ದಿನಗಳ ಉತ್ಸವವು ಸೆಪ್ಟೆಂಬರ್ ೧೨ರಂದು ಆರಂಭವಾಯಿತೆಂದೂ, ಅಕ್ಟೋಬರ್ ೧೨ರಂದು ಹೊಸವರ್ಷದ ಹಬ್ಬವು ನಡೆಯಿತೆಂದೂ ಬರೆದಿರುವನು. ಗಣಿತದಿಂದ ಪರೀಕ್ಷಿಸಿದರೆ ೧೫೨೦ರಲ್ಲಿ ಆಶ್ವಯುಜ ಕಾರ್ತಿಕಗಳೆರಡರ ಆರಂಭವೂ ಈ ದಿನಗಳಿಗೆ ಸರಿಯಾಗಿ ಹೊಂದುತ್ತದೆ. ೧೫೨೧ರಲ್ಲಿ ಆಶ್ವಯುಜವು ಸೆಪ್ಟೆಂಬರಿನ ಮೊದಲಿಗೇ ಬರುವುದು. ೧೫೨೨ರಲ್ಲಿ ೨೦ನೆಯ ತಾರೀಖಿನ ಸುಮಾರಿಗೆ ಸರಿಯುವುದು. ಹೀಗೆ ಪಾಯೆಸನು ಬಂದ ವರ್ಷವನ್ನು ಪಂಚಾಂಗವೇ ನಿರ್ಣಯಿಸಿಕೊಡುತ್ತದೆ. ಇದಕ್ಕೆ ಸುಮಾರು ಒಂದು ಶತಮಾನದ ಹಿಂದೆ ಬಂದಿದ್ದ ನಿಕೊಲೊ ಕಾಂಟಿಯೂ ಹಿಂದುಗಳ ಹಬ್ಬಗಳನ್ನು ಹೇಳುವಲ್ಲಿ, ಸ್ನಾನಮಾಡಿ ಹೊಸಬಟ್ಟೆಯನ್ನುಟ್ಟು ಮೂರು ದಿನ ಆಡಿ ಹಾಡುವ ಹಬ್ಬವೊಂದನ್ನೂ, ದಾರಿಗಳಲ್ಲಿ ಎತ್ತರವಾದ ಕಂಬಗಳನ್ನು ನಿಲ್ಲಿಸಿ ಒಂಬತ್ತು ದಿನ ನಡೆಯಿಸುವ ಹಬ್ಬವೊಂದನ್ನೂ ಬೇರೆಬೇರೆಯಾಗಿ ಎಣಿಸಿರುವನು.

ಆದರೂ ಸೀವೆಲನ ಊಹೆಯನ್ನು ಹಾಗೆಯೇ ಸ್ವೀಕರಿಸುವುದಕ್ಕೆ ಎರಡು ಬಾಧಕಗಳುಂಟು. ಕರ್ಣಾಟಕದ ಶಾಸನಗಳು ವರ್ಷವನ್ನು ಚೈತ್ರದಿಂದ ಎಣಿಸುವುವು. ಕಾರ್ತಿಕಾದಿ ಗಣನೆಯು ಗುಜರಾತಿನ ವರ್ತಕರಲ್ಲಿ ರೂಢವಾದುದು. ಪಾಯೆಸನು ಹೊಸವರ್ಷವೆಂದುದು ನಮ್ಮ ಬಲಿಪಾಡ್ಯಮಿಯೇ ಆಗಿರಬೇಕು. ಆ ಹೆಸರನ್ನು ಅವನು ವರ್ತಕರ ಬಾಯಿಂದ ಕೇಳಿದ್ದಿರಬಹುದು. ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ಬಲವಾದುದು. ನಾಯಕರ ಸಮಾವೇಶವೂ ಆನೆಗಳ ಸಾಲೂ ಮಹಾನವಮಿಯ ಲಕ್ಷಣಗಳು. ಹೆಸರನ್ನೂ ರಜಾಕನು ಸ್ಪಷ್ಟವಾಗಿ ಹೇಳಿರುವನು. ಹೆಸರು ತಪ್ಪು, ತಿಂಗಳು ಸರಿ ಎನ್ನುವುದಕ್ಕೆ ಏನು ಕಾರಣ? ಇವನು ಗ್ರಂಥವನ್ನು ರಚಿಸಿದುದು ಊರಿಗೆ ಹಿಂತಿರುಗಿ ಎಷ್ಟೋ ವರ್ಷಗಳಾದ ಮೇಲೆ. ಆದುದರಿಂದ ತಿಂಗಳಲ್ಲಿಯೇ ಪ್ರಮಾದವುಂಟಾಗಿರಬಹುದೆಂದು ಪ್ರತಿಪಕ್ಷದವರು ಹೇಳಬಹುದು. ಆದರೆ ಧರ್ಮಕಾರ್ಯಗಳಿಗಾಗಿ ಚಾಂದ್ರಮಾಸಗಳನ್ನು ಎಣಿಸುತ್ತಿದ್ದ ಮುಸಲ್ಮಾನ ವಿದ್ವಾಂಸನು, ತಾನು ಊರನ್ನು ಬಿಡುವುದಕ್ಕೆ ಹಿಂದಿನ ತಿಂಗಳನ್ನೇ ಮರೆತನೆಂಬುದು ಸಂಭವನೀಯವಾಗಿ ತೋರುವುದಿಲ್ಲ.

ಈ ಎರಡು ಪಕ್ಷಗಳಿಗೂ ಋತುವೇ ಸಮನ್ವಯವನ್ನು ಕಲ್ಪಿಸಿಕೊಡುತ್ತದೆ. ಮಹಾನವಮಿಯು ಕೇವಲ ದೇವೀಪೂಜೆಯಾಗಿರಲಿಲ್ಲ. ನಾಯಕರು ಅರಸನಿಗೆ ಸಲ್ಲಿಸಬೇಕಾದ ಹಣವನ್ನು ಸೆಪ್ಟೆಂಬರಿನ ಈ ಒಂಬತ್ತು ದಿನಗಳ ಉತ್ಸವಕಾಲದಲ್ಲಿಯೇ ಸಲ್ಲಿಸುತ್ತಿದ್ದರೆಂದು ನೂನಿಜನು ತಿಳಿಸುವನು. ಒಂಬತ್ತು ದಿನಗಳು ಕಳೆದ ಮೇಲೆ ಅರಸನು ಪಟ್ಟಣದ ಹೊರಗೆ ಒಂದು ಹರಿದಾರಿಯಲ್ಲಿ ಡೇರೆಯನ್ನು ಹೊಡೆಯಿಸಿ ಸಮಸ್ತ ಸೈನ್ಯವನ್ನೂ ಪರಿಶೀಲಿಸುತ್ತಿದ್ದನೆಂದು ಪಾಯೆಸನು ಹೇಳುವನು. ಕಾರ್ತಿಕದ ಹಬ್ಬದಲ್ಲಿ ನಾಯಕರು ತಮ್ಮ ತಮ್ಮ ಜನರಿಗೆ ವಸ್ತ್ರಗಳನ್ನು ಕೊಡುತ್ತಿದ್ದರೆಂಬುದೂ ಅವನ ಮಾತೇ. ಕಪ್ಪ, ಪೂಜೆ, ಸೈನ್ಯದರ್ಶನ, ವಸ್ತ್ರದಾನ ಇವೆಲ್ಲವೂ ಒಂದೇ ಸರಪಣಿಯ ಕೊಂಡಿಗಳು. ಮಳೆ ನಿಂತು ದಾರಿ ತೆರೆದಾಗ ಬಂದ ನಾಯಕರು ಆಶ್ವಯುಜದಿಂದ ಕಾರ್ತಿಕದವರೆಗೆ ರಾಜಧಾನಿಯ ಸಮೀಪದಲ್ಲಿಯೇ ಇದ್ದು, ಮಾರ್ಗಶೀರ್ಷವು ಹತ್ತಿರವಾಗಲು ತಮ್ಮ ಸೀಮೆಗಳಿಗೋ ದಂಡಯಾತ್ರೆಗೋ ಹೊರಡುತ್ತಿದ್ದಿರಬೇಕು. ಹೀಗಿರಲು ಜನರ ಬಾಯಲ್ಲಿ ಮಹಾನವಮಿಯೆಂಬುದು ಒಂದು ತಿಥಿಯ ಹೆಸರಾಗಿ ಮಾತ್ರ ಉಳಿಯದೆ, ಆ ಶರದೃತುವಿನ ಸಮಾವೇಶಕ್ಕೆಲ್ಲ ಸಲ್ಲುವ ಹೆಸರಾಗಿದ್ದುದು ಸಹಜವು. ರಜಾಕನು ಕಾರ್ತಿಕದ ಮೂರು ದಿನಗಳ ಉತ್ಸವವನ್ನು ಕಂಡು, ಆ ಕಾಲಕ್ಕೆ ಸಲ್ಲುತ್ತಿದ್ದ ಹೆಸರನ್ನೇ ಬರೆದನೆಂದರೆ ಹೆಸರೂ ತಿಂಗಳೂ ಎರಡೂ ಉಳಿಯುವುವು. ಇದು ಊಹೆಯೇ ಹೌದು. ಆದರೆ ಮೂಲದ ಎರಡು ಮಾತುಗಳಲ್ಲಿ ಒಂದನ್ನು ತಳ್ಳಿಹಾಕುವ ಊಹೆಗಿಂತ, ಎರಡನ್ನೂ ಉಳಿಸುವ ಊಹೆಯೇ ಲಘುವಾದುದು.

ಇದರಿಂದ ಮತ್ತೊಂದು ಅಂಶವೂ ಸ್ಫುಟವಾಗುವುದು. ರಜಾಕನೂ ಪಾಯೆಸನೂ ವಿಸ್ತಾರವಾಗಿ ವರ್ಣಿಸಿರುವುದು ಶರತ್ಕಾಲದ ವಿಜಯನಗರವನ್ನು: ನಾಯಕರೆಲ್ಲ ನೆರೆದ, ಬೊಕ್ಕಸವು ತುಂಬಿದ, ಆನೆ ಕುದುರೆಗಳು ಸಾಲುಗೊಂಡ ನಗರವನ್ನು. ಕ್ರಿ. ಶ. ೧೬೨೩ರಲ್ಲಿ ಬಂದ ಪಿಯೆತ್ರೊ ದೆಲ್ಲ ವಲ್ಲೆಯೂ ಇದೇ ಋತುವಿನ ಯಾತ್ರಿಕನು. ಅವನು ಅಕ್ಟೋಬರಿನಲ್ಲಿ ಗೋವೆಯಿಂದ ಹೊರಟು, ಹೊನ್ನಾವರದಲ್ಲಿ ದೀಪಾವಳಿಯ ದೀಪಗಳನ್ನು ನೋಡಿ, ನವೆಂಬರಿನಲ್ಲಿ ಇಕ್ಕೇರಿಯನ್ನು ಸೇರಿ ಅಲ್ಲಿ ಹೆಣ್ಣುಮಕ್ಕಳ ಕೋಲಾಟವನ್ನು ಕಂಡನು. ಯಾತ್ರಿಕರು ಹೇಳುವ ಜನಸಂಖ್ಯೆ, ಸೈನ್ಯಸಂಖ್ಯೆ, ಐಶ್ವರ್ಯ ಇವುಗಳನ್ನು ವರ್ಷವೆಲ್ಲಕ್ಕೂ ಅನ್ವಯಿಸಿ ವಿಜಯನಗರದ ನಿತ್ಯಜೀವನವನ್ನು ಚಿತ್ರಿಸುವುದು, ಜಾತ್ರೆಯ ದಿನದ ಊರನ್ನು ನೋಡಿ ಊರಿನ ಅಳತೆಯನ್ನು ಹೇಳಿದಂತಾಗುವುದು. ಶ್ರಾವಣದ ಮಳೆಯಲ್ಲಿ ತುಂಗಭದ್ರೆಯು ಉಕ್ಕಿ ಹರಿಯುವಾಗಲೂ, ವೈಶಾಖದಲ್ಲಿ ಹಂಪೆಯ ಬಂಡೆಗಳು ಕಾಯುವಾಗಲೂ ಆ ನಗರವು ಹೇಗಿತ್ತೆಂಬುದನ್ನು ಶಾಸನಗಳಿಂದಲೂ ದೇಶಭಾಷೆಯ ಕಾವ್ಯಗಳಿಂದಲೂ ಸಂಗ್ರಹಿಸಬೇಕು.

ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ನರ್ತಕಿಯರ ಸಾಲುಗಳು ಇಂದಿಗೂ ಕಾಣುವುವು. ಅವುಗಳನ್ನು ಯಾತ್ರಿಕರ ಲೇಖನಗಳೊಡನೆ ಹೋಲಿಸುವ ವಿದ್ವಾಂಸರೂ, ಆ ಲೇಖನಗಳನ್ನು ವಿದ್ಯಾರ್ಥಿಗಳಿಗೆ ಪಾಠಹೇಳುವ ಉಪಾಧ್ಯಾಯರೂ, ಪ್ರತಿಯೊಂದು ವರ್ಣನೆಯ ಪಕ್ಕದಲ್ಲಿ ತಿಥಿಮಾಸಗಳನ್ನು ಬರೆದುಕೊಳ್ಳುವುದು ಉಚಿತವು.