ಬಸವಿಯರನ್ನು ಚಿತ್ರಿಸಿದವರು

ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನ ಪಡೆದ ವಾಚಕರು ಅನೇಕರಿರಬಹುದು. ಆ ಪೂಜ್ಯನಾಮದ ಸ್ತ್ರೀರೂಪವೇ ಆದ ‘ಬಸವಿ’ ಎಂಬ ಪದವನ್ನಾದರೋ ಬಳ್ಳಾರಿ, ಸಿರುಗುಪ್ಪದ ಸೀಮೆಯಲ್ಲಿ ದನಿ ತಗ್ಗಿಸಿಯೇ ನುಡಿಯುವರು. ಗಂಡುಸಂತಾನವಿಲ್ಲದ ತಂದೆಯು ಮಗಳನ್ನು ದೇವರ ಹೆಸರಿನಲ್ಲಿ ಬಿಟ್ಟು, ಮದುವೆಯಿಲ್ಲದೆ ತನ್ನ ಮನೆಯಲ್ಲಿಯೇ ಮಗನಂತೆ ಉಳಿಸಿಕೊಳ್ಳುತ್ತಿದ್ದ ಪದ್ಧತಿ ಅದು.

ಈ ಸ್ತ್ರೀಯರನ್ನು ಕುರಿತು ಮದ್ರಾಸು ಪ್ರಾಂತದ ಪೋಲೀಸು ಅಧಿಕಾರಿ ಫಾಸೆಟ್ಟನು 1892ರಲ್ಲಿ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬರೆದನು. ದೇವರಿಗೆ ಅರ್ಪಿತಳಾಗಿ ಪುರುಷರ ಹಕ್ಕುಗಳನ್ನು ಪಡೆಯುವ ಸ್ತ್ರೀಯರು ಎಂಬುದೇ ಅವನ ಶೀರ್ಷಿಕೆಯ ಆಶಯ. ತಂದೆಯ ಆಸ್ತಿಗೆ ಅವಳು ಹಕ್ಕುದಾರಳು, ಅವನ ಉತ್ತರಕ್ರಿಯೆಗೂ ಅರ್ಹಳು. ಆಳುವವನ ಲೇಖನಿಯಾದರೂ ಈ ಅಂಶವನ್ನು ಅದು ಮರೆಮಾಚಲಿಲ್ಲವೆಂಬುದನ್ನು ಒಪ್ಪಲೇಬೇಕು. 1909ರಲ್ಲಿ ದಕ್ಷಿಣದ ಜಾತಿ-ಬುಡಕಟ್ಟುಗಳನ್ನು ಕುರಿತು ಏಳು ಸಂಪುಟಗಳನ್ನು ಪ್ರಕಟಿಸಿದ ಥರ್ಸ್ಟನ್ನನ ಕ್ರಮ ಬೇರೆ. ಅವನು ಜನರ ತಲೆ-ಮೂಗುಗಳನ್ನು ಅಳೆದು, ಛಾಯಾಚಿತ್ರ ತೆಗೆದನು. ತಮ್ಮನ್ನು ಒಯ್ದು ಮದ್ರಾಸಿನ ವಸ್ತುಸಂಗ್ರಹಾಲಯದಲ್ಲಿ ಹುಲ್ಲು ತುಂಬಿ ನಿಲ್ಲಿಸುವನೆಂದು ವಯನಾಡಿನ ಪಣಿಯ ಸ್ತ್ರೀಯರು ಓಡಿಹೋದರಂತೆ! ಅವನೇ ಬರೆದ ಸಂಗತಿಯಿದು. ಅದನ್ನು ಅಜ್ಞಾನವೆಂದು ನಗುವವರು ನಗಲಿ. ಆ ಭಯದಲ್ಲಿ ವಿವೇಕವೇ ಹೆಚ್ಚೆಂದು ನಾವು ಭಾವಿಸುತ್ತೇವೆ.

ಪದ್ಧತಿ ನಿಲ್ಲಬೇಕಾದುದೇ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದಾಗಲೇ, 1947ರಲ್ಲಿ, ಅಲ್ಲಿ ನಿಷೇಧ ಶಾಸನವಾಯಿತು. 1982ರಲ್ಲಿ ಕರ್ನಾಟಕದ ಶಾಸನ ಬಂದಿತು. ಆದರೆ ಅನಿಷ್ಟ ಪದ್ಧತಿಯೊಂದನ್ನು ಬಯಲಿಗೆಳೆಯುವೆನೆಂದು ಹೊರಟವನಿಗೆ ಅದಕ್ಕೆ ಬಲಿಯಾದವಳ ಮುಖವನ್ನು ಮನಬಂದಂತೆ ಬಳಸುವ ಅಧಿಕಾರ ಎಲ್ಲಿಂದ ಬಂದಿತು?

ಈ ಪ್ರಶ್ನೆ ಗಡಿಯಾಚೆಯ ಸಾಂಗ್ಲಿಯಲ್ಲಿ 2010ರಲ್ಲಿ ಎದ್ದಿತು. ದೇವದಾಸಿಯರನ್ನು ಕುರಿತು ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರವೊಂದು ಅಂತರ್ಜಾಲದಲ್ಲಿ ಬಿತ್ತರಗೊಂಡಿತು. ಅದರಲ್ಲಿ ಕಾಣಿಸಿಕೊಂಡ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತಿನ ಸ್ತ್ರೀಯರು ಸುಮ್ಮನಿರಲಿಲ್ಲ. ನಂಬಿ ಹೇಳಿದ ಬಾಳಿನ ಕಥೆಗೆ ಅಪಾರ್ಥ ಕಲ್ಪಿಸಲಾಗಿದೆ ಎಂದು, ತಾವೇ ಕ್ಯಾಮೆರಾದ ಮುಂದೆ ಕುಳಿತು ಉತ್ತರ ಕೊಟ್ಟರು. ಫಾಸೆಟ್ಟನ ಕಾಲದ ಬಸವಿಗೆ ಇಂಥ ಸೌಕರ್ಯ ಎಲ್ಲಿತ್ತು? ತನ್ನನ್ನು ಕುರಿತು ಇಂಗ್ಲಿಷಿನಲ್ಲಿ ಬರೆದುದನ್ನು ಅವಳಿಗೆ ಓದಿ ಹೇಳುವವರೂ ಇದ್ದಿರಲಾರರು.

ವಾಚಕರು ಇನ್ನೊಂದನ್ನು ಗಮನಿಸಬೇಕು. ಅಂದಿನ ಗ್ರಂಥ ಗ್ರಂಥಾಲಯದ ಕಪಾಟಿನಲ್ಲಿ ಉಳಿಯಿತು. ಇಂದಿನ ಚಿತ್ರ ಅವಳ ಊರಿನ ಮನೆಮನೆಯ ಫೋನಿಗೆ ಮರುದಿನವೇ ಬರುವದು. ಚಿತ್ರ ತೆಗೆಯುವ ಮೊದಲು ಸಹಿ ಹಾಕಿಸಿಕೊಂಡರೆ ಸಾಲದು. ಸಿದ್ಧವಾದ ಚಿತ್ರವನ್ನು ಅವಳೆದುರು, ಅವಳ ನುಡಿಯಲ್ಲಿ ತೋರಿಸಬೇಕು. ಬೇಡವೆಂದ ಭಾಗವನ್ನು ತೆಗೆದುಹಾಕಬೇಕು. ಶಾಲೆಗೆ ಹೋಗುವ ಮಗಳೊಬ್ಬಳು ಆ ಮನೆಯಲ್ಲಿದ್ದರೆ, ಅವಳ ಹೆಸರನ್ನೂ ಮುಖವನ್ನೂ ಮೊದಲೇ ಬಿಡಬೇಕು.