ಖಳನ ಕಡೆಯಿಂದ ಆರ್ಥರನ ಕಥೆ: ಮೋರ್ಡ್ರೆಡ್ ಮತ್ತು ಮಾರ್ಗನ್ ಮರುಕಥನಗಳ ಚರಿತ್ರೆ

ಬ್ರಿಟನ್ನಿನ ಆರ್ಥರ್ ರಾಜನ ಕಥೆಯಲ್ಲಿ ಕೆಟ್ಟವರೆಂದು ಹೆಸರಾದವರು ಮುಖ್ಯವಾಗಿ ಇಬ್ಬರು: ಅವನನ್ನು ಕೊಂದ ಮೋರ್ಡ್ರೆಡ್, ಅವನ ಮೇಲೆ ಮಾಟ ನಡೆಸಿದ ಅಕ್ಕ ಮಾರ್ಗನ್ ಲ ಫೇ. 1980ರ ದಶಕದಿಂದ ಈಚೆಗೆ ಇವರ ಕಡೆಯಿಂದ ಕಥೆ ಹೇಳುವ ಇಂಗ್ಲಿಷ್ ಕಾದಂಬರಿಗಳು ಸಾಲುಸಾಲಾಗಿ ಬಂದಿವೆ. ಹಳೆಯ ಕಥೆಯನ್ನು ಈ ಕಾಲದವರು ತಲೆಕೆಳಗು ಮಾಡಿದರೆಂದು ಇದನ್ನು ವಿವರಿಸುವುದು ರೂಢಿ. ಆದರೆ ಆಕರಗಳನ್ನು ಕಾಲಕ್ರಮದಲ್ಲಿ ಓದಿದರೆ ಆ ವಿವರಣೆ ನಿಲ್ಲುವುದಿಲ್ಲ. ಖಳರ ಪರವಾದ ಸಾಕ್ಷ್ಯ ಮಧ್ಯಯುಗದ ಗ್ರಂಥಗಳಲ್ಲೇ ಇದೆ. ಮೋರ್ಡ್ರೆಡ್‌ನ ಪಾಪದ ಹೊರೆ ಹೆಚ್ಚುತ್ತಾ ಹೋದಂತೆ ಅದರಲ್ಲಿ ಆರ್ಥರನ ಪಾಲೂ ಹೆಚ್ಚುತ್ತಾ ಹೋಗಿದೆ.

ಮೋರ್ಡ್ರೆಡ್‌ನ ಹೆಸರು ಮೊದಲು ಕಾಣುವುದು ವೇಲ್ಸ್‌ನಲ್ಲಿ 10ನೇ ಶತಮಾನದಲ್ಲಿ ಸಂಕಲನಗೊಂಡ 'ಅನ್ನಾಲೆಸ್ ಕ್ಯಾಂಬ್ರಿಯೆ' ಎಂಬ ಲ್ಯಾಟಿನ್ ವಾರ್ಷಿಕ ವೃತ್ತಾಂತದಲ್ಲಿ. ಸಾಮಾನ್ಯವಾಗಿ 537 ಎಂದು ಲೆಕ್ಕ ಹಾಕುವ ವರ್ಷದ ಕೆಳಗೆ, ಕ್ಯಾಮ್ಲಾನ್ ಕದನದಲ್ಲಿ ಆರ್ಥರ್ ಮತ್ತು ಮೆಡ್ರಾಟ್ (ಮೋರ್ಡ್ರೆಡ್) ಮಡಿದರು ಎಂಬಷ್ಟೇ ದಾಖಲೆಯಿದೆ. ಇಬ್ಬರೂ ಎದುರಾಳಿಗಳೋ ಒಂದೇ ಪಾಳೆಯದವರೋ ಅದು ತಿಳಿಸುವುದಿಲ್ಲ. 12ನೇ ಶತಮಾನದ ವೇಲ್ಸ್ ಆಸ್ಥಾನಕವಿಗಳಿಗೆ ಮೆಡ್ರಾಡ್ ಎಂಬುದು ಹೊಗಳಿಕೆಯ ಹೆಸರೇ ಆಗಿತ್ತು. ಗ್ವಾಲ್‌ಖ್ಮಾಯ್ ತನ್ನ ಒಡೆಯ ಮಾಡೋಗ್ ಅಪ್ ಮರೆದುದ್‌ನನ್ನು ಸ್ತುತಿಸುವಾಗ ಆರ್ಥರನ ಬಲದ ಜೊತೆಗೆ ಮೆಡ್ರಾಡ್‌ನ ಒಳ್ಳೆಯತನವನ್ನೂ ಸೇರಿಸುತ್ತಾನೆ. ವೇಲ್ಸ್‌ನ 'ತ್ರಿಪದಿ' ಸಂಗ್ರಹದಲ್ಲಿ ಅಂಕೆಯಿಲ್ಲದ ಮೂರು ಸೂರೆಗಳ ಪಟ್ಟಿಯೊಂದಿದೆ. ಅದರ ಮೊದಲನೆಯದರಲ್ಲಿ ಮೆಡ್ರಾಡ್ ಆರ್ಥರನ ಅರಮನೆಗೆ ನುಗ್ಗಿ ಅನ್ನಪಾನವನ್ನೆಲ್ಲ ಬರಿದು ಮಾಡಿ ರಾಣಿಯನ್ನು ಪೀಠದಿಂದ ಎಳೆದು ಹೊಡೆಯುತ್ತಾನೆ. ಎರಡನೆಯದರಲ್ಲಿ ಆರ್ಥರ್ ಮೆಡ್ರಾಡ್‌ನ ಅರಮನೆಗೆ ನುಗ್ಗಿ ಅದನ್ನೂ ಹಾಗೆಯೇ ಬರಿದು ಮಾಡುತ್ತಾನೆ. ರಾಣಿಯ ಮೇಲೆ ಕೈಮಾಡಿದ್ದನ್ನು ಬಿಟ್ಟರೆ ಇಬ್ಬರ ನಡತೆಯಲ್ಲಿ ಹೆಚ್ಚಿನ ಅಂತರವಿಲ್ಲ.

ಮೋರ್ಡ್ರೆಡ್‌ಗೆ ದ್ರೋಹಿಯ ಪಾತ್ರವನ್ನು ಗಟ್ಟಿಮಾಡಿದವನು ಜೆಫ್ರಿ ಆಫ್ ಮಾನ್‌ಮತ್. ಸುಮಾರು 1136ರಲ್ಲಿ ಅವನು ಲ್ಯಾಟಿನ್ನಿನಲ್ಲಿ ಬರೆದ ಬ್ರಿಟನ್ ರಾಜರ ಚರಿತ್ರೆಯಲ್ಲಿ ಮೋರ್ಡ್ರೆಡ್ ಆರ್ಥರನ ಸೋದರಳಿಯ. ರೋಮಿನ ಮೇಲೆ ದಂಡೆತ್ತಿ ಹೋದ ರಾಜ ನಾಡನ್ನು ಅವನ ಕೈಗೆ ಒಪ್ಪಿಸಿರುತ್ತಾನೆ. ಅವನು ಕಿರೀಟವನ್ನೂ ರಾಣಿ ಗ್ವಿನೆವಿಯರಳನ್ನೂ ತನ್ನದಾಗಿಸಿಕೊಳ್ಳುತ್ತಾನೆ. ಹೀಗೇಕೆ ಮಾಡಿದನೆಂದು ಜೆಫ್ರಿ ವಿವರಿಸಲು ಹೋಗುವುದಿಲ್ಲ. ಮುಂದಿನ ಲೇಖಕರು ತುಂಬಲು ಹೊರಟದ್ದು ಈ ಜಾಗವನ್ನೇ.

ತುಂಬಿದವರಲ್ಲಿ ಪ್ರಮುಖರು 1215ರಿಂದ 1235ರ ಸುಮಾರಿನಲ್ಲಿ ರಚಿತವಾದ ಫ್ರೆಂಚ್ ಗದ್ಯಮಾಲೆಯ ಕರ್ತೃಗಳು. 'ವಲ್ಗೇಟ್' ಎಂದು ಕರೆಯುವ ಈ ಮಾಲೆಯಲ್ಲಿ ಮೋರ್ಡ್ರೆಡ್ ಅಳಿಯನಷ್ಟೇ ಆಗಿ ಉಳಿಯದೆ, ಆರ್ಥರ್ ತನ್ನ ತಾಯಿಯ ಮತ್ತೊಬ್ಬ ಮಗಳಲ್ಲಿ ಪಡೆದ ಮಗನಾಗುತ್ತಾನೆ. ದ್ರೋಹಿಯನ್ನು ಇನ್ನಷ್ಟು ಕಳಂಕಿತನನ್ನಾಗಿಸುವುದು ಉದ್ದೇಶವಾಗಿದ್ದಿರಬಹುದು. ಪರಿಣಾಮ ಬೇರೆಯೇ ಆಯಿತು. ಅಗಮ್ಯಗಮನದ ಪಾಪ ಮಗನದಲ್ಲ, ತಂದೆಯದು. ರಾಜ್ಯದ ನಾಶಕ್ಕೆ ಬೀಜ ಬಿತ್ತಿದವನು ರಾಜನೇ ಎಂದಾಯಿತು.

ಇದರ ಮುಂದಿನ ಹೆಜ್ಜೆ ಇನ್ನೂ ಭಯಂಕರವಾದದ್ದು. ಥಾಮಸ್ ಮ್ಯಾಲರಿ 1469-70ರಲ್ಲಿ ಮುಗಿಸಿದ, ವಿಲಿಯಂ ಕ್ಯಾಕ್ಸ್‌ಟನ್ 1485ರಲ್ಲಿ ಅಚ್ಚು ಹಾಕಿಸಿದ 'ಲ ಮೋರ್ಟ್ ಡಾರ್ಥರ್' ಗ್ರಂಥದ ಆರಂಭದಲ್ಲೇ ಆ ಪ್ರಸಂಗ ಬರುತ್ತದೆ. ಮೇ ಮೊದಲ ದಿನ ಹುಟ್ಟಿದ ಮಗು ನಿನ್ನನ್ನು ನಾಶ ಮಾಡುತ್ತದೆಂದು ಮಂತ್ರವಾದಿ ಮರ್ಲಿನ್ ಹೇಳುತ್ತಾನೆ. ಆ ದಿನ ಸರದಾರರ ಮನೆಗಳಲ್ಲಿ ಹುಟ್ಟಿದ ಗಂಡುಮಕ್ಕಳನ್ನೆಲ್ಲ ತರಿಸಿ, ಹಡಗಿನಲ್ಲಿ ಹಾಕಿ, ಸಮುದ್ರಕ್ಕೆ ಬಿಡಲು ಆರ್ಥರ್ ಅಪ್ಪಣೆ ಕೊಡುತ್ತಾನೆ. ಹಡಗು ಒಡೆದು ಮಕ್ಕಳೆಲ್ಲ ಸಾಯುತ್ತವೆ. ದಡಕ್ಕೆ ಬಿದ್ದು ಬದುಕುವುದು ಮೋರ್ಡ್ರೆಡ್ ಒಬ್ಬನೇ. ಒಬ್ಬ ಸಜ್ಜನ ಅವನನ್ನು ಹದಿನಾಲ್ಕು ವರ್ಷ ಸಾಕಿ ಆಸ್ಥಾನಕ್ಕೆ ತಂದೊಪ್ಪಿಸುತ್ತಾನೆ. ಮಕ್ಕಳನ್ನು ಕಳೆದುಕೊಂಡ ಹಲವರು ರಾಜನಿಗಿಂತ ಮರ್ಲಿನ್‌ನನ್ನೇ ಹೆಚ್ಚು ದೂರಿದರೆಂದು ಮ್ಯಾಲರಿ ಬರೆಯುತ್ತಾನೆ; ಆಮೇಲೆ ಆ ವಿಷಯವನ್ನೇ ಎತ್ತುವುದಿಲ್ಲ. ಶಿಶುಹತ್ಯೆಯನ್ನು ಮಾಡಿಸಿದವನು ಕಥೆಯ ನಾಯಕ, ಅದರಿಂದ ಪಾರಾದವನು ಖಳ. ಮುಂದೆ ಮೋರ್ಡ್ರೆಡ್ ಪರವಾಗಿ ಕಾದಂಬರಿ ಬರೆದವರು ಮತ್ತೆ ಮತ್ತೆ ಮರಳಿದ್ದು ಈ ಹಡಗಿನ ಬಳಿಗೆ. ಅವರು ಅದನ್ನು ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ, ಮ್ಯಾಲರಿಯನ್ನು ಮನಸ್ಸಿಟ್ಟು ಓದಿದ್ದರೆ ಸಾಕಿತ್ತು.

ಮಧ್ಯಯುಗದವರಿಗೆ ಖಳನ ಒಳಮನಸ್ಸು ಪೂರ್ತಿ ಅಪರಿಚಿತವಾಗಿತ್ತು ಎನ್ನುವಂತೆಯೂ ಇಲ್ಲ. ಸುಮಾರು 1400ರ ಇಂಗ್ಲಿಷ್ ಅನುಪ್ರಾಸಕಾವ್ಯ 'ಮೋರ್ಟ್ ಆರ್ಥ್ಯೂರ್'ನಲ್ಲಿ ಮೋರ್ಡ್ರೆಡ್ ತನಗೆ ಆಡಳಿತ ಬೇಡ, ದಂಡಿನ ಜೊತೆ ಬರುತ್ತೇನೆ ಎಂದು ರಾಜನನ್ನು ಬೇಡುತ್ತಾನೆ. ಕೊನೆಯಲ್ಲಿ ತಾನೇ ಕೊಂದ ಬಂಧು ಗವೇನ್‌ನ ಹೆಣದ ಮುಂದೆ ಕಣ್ಣೀರು ಹಾಕಿ, ಆ ವೀರನ ಗುಣಗಾನ ಮಾಡಿ, ತನ್ನ ವಿಧಿಗೆ ಹಳಹಳಿಸುತ್ತಾನೆ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಕವಿ ಡಾಂಟೆ ಇದೇ ಮೋರ್ಡ್ರೆಡ್‌ನನ್ನು ನರಕದ ತಳದಲ್ಲಿ, ಬಂಧುದ್ರೋಹಿಗಳ ಹಿಮದಲ್ಲಿ ಹೂತಿದ್ದ.

ಮೋರ್ಡ್ರೆಡ್‌ನ ಪರವಾಗಿ ನೇರವಾಗಿ ವಾದ ಹೂಡಿದವರು ಸ್ಕಾಟ್ಲೆಂಡಿನ ಚರಿತ್ರಕಾರರು. ಇದಕ್ಕೆ ರಾಜಕೀಯ ಕಾರಣವಿತ್ತು. ಇಂಗ್ಲೆಂಡಿನ ದೊರೆ 1ನೇ ಎಡ್ವರ್ಡ್ 1301ರಲ್ಲಿ ಪೋಪ್ 8ನೇ ಬೋನಿಫೇಸ್‌ನಿಗೆ ಬರೆದ ಪತ್ರದಲ್ಲಿ, ಸ್ಕಾಟ್ಲೆಂಡ್ ಆರ್ಥರನಿಗೆ ಅಧೀನವಾಗಿತ್ತು ಎಂಬುದನ್ನು ತನ್ನ ಹಕ್ಕಿಗೆ ಆಧಾರವಾಗಿ ತೋರಿಸಿದ್ದ. ಆರ್ಥರ್ ನ್ಯಾಯವಾದ ರಾಜನಲ್ಲ ಎಂದು ತೋರಿಸುವುದು ಸ್ಕಾಟರಿಗೆ ನಾಡಿನ ಸ್ವಾತಂತ್ರ್ಯದ ಪ್ರಶ್ನೆಯಾಯಿತು. 14ನೇ ಶತಮಾನದ ಜಾನ್ ಆಫ್ ಫೋರ್ಡನ್, ಆರ್ಥರನ ಹುಟ್ಟು ಸಕ್ರಮವಲ್ಲ, ಸಿಂಹಾಸನದ ಹಕ್ಕು ಆರ್ಥರನ ಸೋದರಿ ಅನ್ನಾಳ ಮಕ್ಕಳಾದ ಗವೇನ್ ಮತ್ತು ಮೋರ್ಡ್ರೆಡ್‌ರದು ಎಂದು ಸೂಚಿಸಿದ. ಆದರೂ ಆಗಿನ ಕಷ್ಟಕಾಲಕ್ಕೆ ಎಳೆಯರಿಗಿಂತ ಆರ್ಥರನೇ ಬೇಕಾಗಿದ್ದ ಎಂದು ಸಮಾಧಾನವನ್ನೂ ಹೇಳಿದ. 1527ರಲ್ಲಿ ಬಂದ ಹೆಕ್ಟರ್ ಬೋಯಸ್‌ನ ಲ್ಯಾಟಿನ್ ಚರಿತ್ರೆಯಲ್ಲಿ ಅಂಥ ಸಮಾಧಾನವಿಲ್ಲ. ಅಲ್ಲಿ ಮೋರ್ಡ್ರೆಡ್ ಪಿಕ್ಟ್ ಜನರ ರಾಜ. ತನ್ನ ನಂತರ ಪಟ್ಟ ಮೋರ್ಡ್ರೆಡ್‌ನ ವಂಶಕ್ಕೆ ಎಂಬ ಒಪ್ಪಂದವನ್ನು ಮುರಿದು ಕಾನ್‌ಸ್ಟಂಟೈನ್ ಎಂಬವನನ್ನು ಉತ್ತರಾಧಿಕಾರಿಯಾಗಿ ಆರಿಸಿಕೊಳ್ಳುವವನು ಆರ್ಥರ್. ಕಡೆಯ ಯುದ್ಧ ದ್ರೋಹಿಯ ದಂಗೆಯಾಗಿರದೆ ಮಾತು ತಪ್ಪಿದ ದೊರೆಯ ಮೇಲಿನ ಹಕ್ಕಿನ ಹೋರಾಟವಾಗುತ್ತದೆ. ಇಂದಿನ ಮರುಕಥನಗಳ ಪೂರ್ವಜ ಯಾವುದೆಂದು ಕೇಳಿದರೆ ಮೊದಲು ಹೆಸರಿಸಬೇಕಾದದ್ದು ಬೋಯಸ್‌ನ ಈ ಗ್ರಂಥವನ್ನೇ. ಸಾಹಿತ್ಯ ವಿಮರ್ಶೆ ಇದನ್ನು ಗಮನಿಸಿದ್ದು ಕಡಿಮೆ.

ಇಂಗ್ಲೆಂಡಿನಲ್ಲಿ ಖಳಪಕ್ಷದ ದನಿ ರಂಗದ ಮೇಲೆ ಕೇಳಿದ್ದು 1588ರ ಫೆಬ್ರವರಿಯಲ್ಲಿ. ಗ್ರೇಸ್ ಇನ್ ಎಂಬ ಕಾನೂನು ಸಂಸ್ಥೆಯ ನ್ಯಾಯಶಾಸ್ತ್ರಿಗಳು ಗ್ರೀನಿಚ್‌ನಲ್ಲಿ 1ನೇ ಎಲಿಜಬೆತ್ ರಾಣಿಯ ಎದುರು ಆಡಿದ, ಥಾಮಸ್ ಹ್ಯೂಸ್ ಬರೆದ 'ದ ಮಿಸ್‌ಫಾರ್ಚೂನ್ಸ್ ಆಫ್ ಆರ್ಥರ್' ದುರಂತನಾಟಕ ತೆರೆದುಕೊಳ್ಳುವುದು ಗೋರ್ಲಾಯ್ಸ್‌ನ ಪ್ರೇತದಿಂದ. ಆರ್ಥರನ ತಂದೆ ಯೂಥರ್ ಮೋಸದಿಂದ ಕೂಡಿದ್ದು ಈ ಗೋರ್ಲಾಯ್ಸ್‌ನ ಹೆಂಡತಿಯನ್ನು. ತನಗಾದ ಅನ್ಯಾಯಕ್ಕೆ ಯೂಥರನ ಕುಲವೇ ಅಳಿಯಬೇಕೆಂದು ಪ್ರೇತ ಕೇಳುತ್ತದೆ. 19ನೇ ಶತಮಾನದಲ್ಲಿ ವಿಲಿಯಂ ಮಾರಿಸ್ 1858ರ ಕವಿತೆಯಲ್ಲಿ ಗ್ವಿನೆವಿಯರಳಿಗೆ ತನ್ನ ಪರ ತಾನೇ ವಾದಿಸುವ ಅವಕಾಶ ಕೊಟ್ಟ. ಟೆನಿಸನ್ ಮಾತ್ರ ತನ್ನ ಆರ್ಥರ್ ಕಾವ್ಯಮಾಲೆಯಿಂದ ಅಗಮ್ಯಗಮನವನ್ನು ತೆಗೆದುಹಾಕಿ ಆರ್ಥರನನ್ನು ನಿಷ್ಕಳಂಕನನ್ನಾಗಿಸಿದ. ಅದರೊಂದಿಗೆ ಮೋರ್ಡ್ರೆಡ್‌ನ ಸೇಡಿಗಿದ್ದ ಕಾರಣವೂ ಹೋಯಿತು. 1872ರಲ್ಲಿ ಸ್ವಿನ್‌ಬರ್ನ್ ಇದನ್ನು ಕಟುವಾಗಿ ಟೀಕಿಸಿದ. ಆ ಟೀಕೆ ನ್ಯಾಯವಾದದ್ದೇ: ದುರಂತದ ಬೇರು ಕಿತ್ತರೆ ಉಳಿಯುವುದು ನೀತಿಪಾಠ ಮಾತ್ರ.

20ನೇ ಶತಮಾನದಲ್ಲಿ ಕಾದಂಬರಿ ಈ ಬೇರನ್ನು ಮತ್ತೆ ನೆಟ್ಟಿತು. ಮುಂಬಯಿಯಲ್ಲಿ 1906ರಲ್ಲಿ ಹುಟ್ಟಿದ ಟಿ. ಎಚ್. ವೈಟ್ ತನ್ನ 'ದ ಒನ್ಸ್ ಅಂಡ್ ಫ್ಯೂಚರ್ ಕಿಂಗ್' (1958) ಕೃತಿಯಲ್ಲಿ ಮಕ್ಕಳ ಹತ್ಯೆಯ ಕಥೆಯನ್ನು ಆರ್ಥರನ ಬಾಯಿಂದಲೇ ಹೇಳಿಸುತ್ತಾನೆ. ಆದರೂ ಅವನ ಮೋರ್ಡ್ರೆಡ್ ಸಹಾನುಭೂತಿಗೆ ದಕ್ಕುವುದಿಲ್ಲ. ಎರಡನೇ ಮಹಾಯುದ್ಧದ ನೆರಳಿನಲ್ಲಿ ರೂಪುಗೊಂಡ ಆ ಪಾತ್ರ ನಾಜಿಗಳನ್ನು ನೆನಪಿಸುವ ಪುಂಡರ ಪಕ್ಷ ಕಟ್ಟುತ್ತದೆ.

ಮೇರಿ ಸ್ಟೂವರ್ಟ್ 1983ರಲ್ಲಿ ಪ್ರಕಟಿಸಿದ 'ದ ವಿಕೆಡ್ ಡೇ' ಈ ದಾರಿಯಲ್ಲಿ ಮುಖ್ಯ ತಿರುವು. ಪೂರ್ತಿ ಕಾದಂಬರಿ ಮೋರ್ಡ್ರೆಡ್‌ನ ಸುತ್ತ ಸುತ್ತುತ್ತದೆ: ಆರ್ಕ್ನಿ ದ್ವೀಪದ ಮೀನುಗಾರರ ಗುಡಿಸಲಿನಲ್ಲಿ ಅವನ ಬಾಲ್ಯ, ಗುಟ್ಟು ಹೊರಬೀಳದಂತೆ ಸಾಕುತಂದೆತಾಯಿಯನ್ನು ಸುಟ್ಟುಹಾಕಿಸುವ ಹೆತ್ತ ತಾಯಿ ಮಾರ್ಗಾಸ್, ಆಮೇಲೆ ತಂದೆಯ ವಿಶ್ವಾಸ. ಸ್ಟೂವರ್ಟ್‌ರ ಕೌಶಲ ಕಾಣುವುದು ಒಂದು ಸಣ್ಣ ಬದಲಾವಣೆಯಲ್ಲಿ. ಮ್ಯಾಲರಿಯಲ್ಲಿ ಆರ್ಥರ್ ಪರದೇಶದಲ್ಲಿ ಸತ್ತನೆಂಬ ಪತ್ರವನ್ನು ಮೋರ್ಡ್ರೆಡ್ ತಾನೇ ಸೃಷ್ಟಿಸುತ್ತಾನೆ. ಇಲ್ಲಿ ಆ ಸುಳ್ಳುಸುದ್ದಿ ಹೊರಗಿನಿಂದ ಬರುತ್ತದೆ, ಅವನು ಅದನ್ನು ನಂಬುತ್ತಾನೆ, ರಾಜ್ಯ ಕೆಡದಿರಲೆಂದು ಅಧಿಕಾರ ಹಿಡಿಯುತ್ತಾನೆ. ಘಟನೆಗಳ ಸಾಲು ಕದಲುವುದಿಲ್ಲ, ದ್ರೋಹ ಮಾತ್ರ ಇಲ್ಲವಾಗುತ್ತದೆ.

ಅಂತ್ಯ ಎಲ್ಲರಿಗೂ ಮೊದಲೇ ಗೊತ್ತಿರುವುದೇ ಈ ಕಥೆಯ ದೊಡ್ಡ ತೊಡಕು, ಬೇರೆಯವರು ಅದನ್ನು ಬೇರೆ ಬಗೆಯಲ್ಲಿ ಬಿಡಿಸಿದರು. ಎಲಿಜಬೆತ್ ವೈನ್ ಅವರ 'ದ ವಿಂಟರ್ ಪ್ರಿನ್ಸ್' (1993) ಮೆಡ್ರಾಟ್ ತನ್ನ ತಾಯಿ ಮಾರ್ಗಾಸ್‌ಗೆ ಹೇಳಿಕೊಳ್ಳುವ ರೂಪದಲ್ಲಿದೆ. ಕ್ಯಾಮ್ಲಾನ್ ತನಕ ಹೋಗದೆ, ಪಟ್ಟಕ್ಕೆ ಹಕ್ಕುದಾರನಾದ ತಮ್ಮನ ಮೇಲಿನ ಅಸೂಯೆ ಮತ್ತು ಅಕ್ಕರೆಗಳ ನಡುವೆಯೇ ಅದು ನಿಲ್ಲುತ್ತದೆ. ನ್ಯಾನ್ಸಿ ಸ್ಪ್ರಿಂಗರ್ ಅವರ 'ಐ ಆಮ್ ಮೋರ್ಡ್ರೆಡ್' (1998) ಕಿರಿಯ ಓದುಗರಿಗಾಗಿ ಬರೆದದ್ದು. ತಂದೆಯನ್ನು ಕೊಲ್ಲುವೆನೆಂಬ ಭವಿಷ್ಯವಾಣಿಯನ್ನು ಮೊದಲೇ ಬಲ್ಲ ಹುಡುಗ ಅದರಿಂದ ತಪ್ಪಿಸಿಕೊಳ್ಳಲು ಹೆಣಗುವುದೇ ಅಲ್ಲಿನ ಕಥೆ.

ಮಾರ್ಗನ್‌ಳ ಇತಿಹಾಸ ಇದಕ್ಕೆ ಸಮಾನಾಂತರವಾಗಿದ್ದರೂ ಬೇರೆ. ಜೆಫ್ರಿಯ ಸುಮಾರು 1150ರ 'ವೀಟಾ ಮರ್ಲಿನಿ'ಯಲ್ಲಿ ಅವಳು ಸೇಬಿನ ದ್ವೀಪದ ಒಂಬತ್ತು ಸೋದರಿಯರಲ್ಲಿ ಮುಖ್ಯಳು, ಗಿಡಮೂಲಿಕೆ ಬಲ್ಲ ವೈದ್ಯೆ. ಗಾಯಗೊಂಡ ಆರ್ಥರನ ಆರೈಕೆಯ ಹೊಣೆ ಹೊರುವವಳು. ವಲ್ಗೇಟ್ ಮಾಲೆ ಅವಳಿಗೆ ದ್ವೇಷದ ಕಾರಣವೊಂದನ್ನು ಕೊಟ್ಟಿತು: ಅವಳ ಮತ್ತು ಗಿಯೊಮಾರ್‌ನ ಪ್ರೇಮವನ್ನು ಗ್ವಿನೆವಿಯರ್ ಮುರಿದಳು. ಅದೇ ಮಾಲೆಯಲ್ಲಿ ಮಾರ್ಗನ್‌ಳ ಸೆರೆಯಲ್ಲಿದ್ದಾಗ ಆರ್ಥರನ ಸರದಾರ ಲಾನ್ಸ್‌ಲಾಟ್ ತನ್ನ ಮತ್ತು ರಾಣಿಯ ಪ್ರೇಮವನ್ನು ಕೋಣೆಯ ಗೋಡೆಗಳ ಮೇಲೆ ಚಿತ್ರಿಸುತ್ತಾನೆ. ವರ್ಷಗಳ ನಂತರ ಅವಳು ಆರ್ಥರನನ್ನು ಆ ಕೋಣೆಗೆ ಕರೆತರುತ್ತಾಳೆ. ಅವಳ ಉದ್ದೇಶ ಕೆಟ್ಟದಿರಬಹುದು. ತೋರಿಸಿದ್ದು ಮಾತ್ರ ಸತ್ಯ. ಮ್ಯಾಲರಿಯಲ್ಲಿ ಅವಳು ಎಕ್ಸ್‌ಕ್ಯಾಲಿಬರ್ ಕತ್ತಿಯನ್ನು ಕದ್ದು ನಕಲಿ ಕತ್ತಿ ಕೊಡುವವಳು, ತೊಟ್ಟವರನ್ನು ಸುಡುವ ಮೇಲಂಗಿ ಕಳಿಸುವವಳು. ಅಷ್ಟೆಲ್ಲ ಆದಮೇಲೂ ಸಾಯುವ ರಾಜನನ್ನು ಒಯ್ಯುವ ದೋಣಿಯಲ್ಲಿ ಅವಳು ಕುಳಿತಿರುತ್ತಾಳೆ. ಮ್ಯಾಲರಿ ವಿವರಿಸದೆ ಬಿಟ್ಟ ಈ ವೈರುಧ್ಯದಿಂದಲೇ ಮರಿಯನ್ ಜಿಮ್ಮರ್ ಬ್ರಾಡ್ಲಿಯವರ 'ದ ಮಿಸ್ಟ್ಸ್ ಆಫ್ ಅವಲಾನ್' (1983) ಬಲ ಪಡೆಯುತ್ತದೆ. ಅಲ್ಲಿ ಮಾರ್ಗೇನ್ ಎಂದಾಗಿರುವ ಮಾರ್ಗನ್ ದೇವಿಯ ಅರ್ಚಕಿ, ಸಂಘರ್ಷ ಹಳೆಯ ಆರಾಧನೆ ಮತ್ತು ಕ್ರೈಸ್ತ ಧರ್ಮದ ನಡುವಿನದು, ಅಕ್ಕತಮ್ಮನ ಕೂಟ ಅರಿವಿಲ್ಲದೆ ನಡೆದ ಧಾರ್ಮಿಕ ವಿಧಿ. ಫೇ ಸ್ಯಾಂಪ್ಸನ್ 1989ರಿಂದ 1992ರವರೆಗೆ ಬರೆದ ಐದು ಸಂಪುಟಗಳಲ್ಲಿ ಮೊದಲ ನಾಲ್ಕನ್ನು ಬೇರೆಯವರಿಂದ ಹೇಳಿಸಿ ಐದನೆಯದನ್ನು ಮಾರ್ಗನ್‌ಳಿಗೇ ಬಿಟ್ಟರು. ಶತಮಾನಗಳುದ್ದಕ್ಕೂ ಲೇಖಕರು ತನ್ನನ್ನು ಹೇಗೆ ಚಿತ್ರಿಸಿದರೆಂದು ಅವಳೇ ಅದರಲ್ಲಿ ವಿಚಾರಿಸುತ್ತಾಳೆ. ಈ ಪ್ರಕಾರದಲ್ಲಿ ಅಷ್ಟು ಧೈರ್ಯದ ಪ್ರಯೋಗ ವಿರಳ.

ಈ ಮರುಕಥನಗಳಿಗೆ ಒಂದು ಮಿತಿಯೂ ಇದೆ. ಒಬ್ಬರ ಮೇಲಿನ ಕಳಂಕ ಅಳಿಸಿದಾಗ ಅದು ಹೆಚ್ಚಾಗಿ ಮತ್ತೊಬ್ಬರ ಪಾಲಿಗೆ ಹೋಗುತ್ತದೆ. ಸ್ಟೂವರ್ಟ್‌ರಲ್ಲಿ ಮೋರ್ಡ್ರೆಡ್ ಶುದ್ಧನಾಗಲು ಮಾರ್ಗಾಸ್ ರಾಕ್ಷಸಿಯಾಗಬೇಕಾಯಿತು. ಬ್ರಾಡ್ಲಿಯಲ್ಲಿ ಮಾರ್ಗೇನ್ ಎತ್ತರಕ್ಕೇರಿದಂತೆ ಗ್ವಿನೆವಿಯರ್ ಅಂಜುಬುರುಕಿ ಮತಾಂಧೆಯಾಗುತ್ತಾಳೆ. ಇದಕ್ಕೆ ಬದಲು ಖಳನನ್ನು ಎತ್ತದೆ ನಾಯಕನನ್ನೇ ಇಳಿಸಿದವರೂ ಇದ್ದಾರೆ. ಫಿಲಿಪ್ ರೀವ್ ಅವರ 'ಹಿಯರ್ ಲೈಸ್ ಆರ್ಥರ್' (2007) ಕಾದಂಬರಿಯಲ್ಲಿ ಆರ್ಥರ್ ಊರು ಸುಲಿಯುವ ಒಬ್ಬ ದಳಪತಿ. ಅವನ ಕೀರ್ತಿಯೆಲ್ಲ ಮಿರ್ಡಿನ್ ಎಂಬ ಕಥೆಗಾರ ಕಟ್ಟಿ ಹಬ್ಬಿಸಿದ್ದು.