ಜುಟ್ಟು, ಮುಡಿ, ಕ್ರಾಪು

ಸೋಲದೇವನಹಳ್ಳಿಯ ಅರಳಿಕಟ್ಟೆಯ ಮೇಲೆ ಸಾಯಂಕಾಲ ಕುಳಿತು ಲೋಕಾಭಿರಾಮವಾಗಿ ಮಾತನಾಡುವ ವೃದ್ಧರಲ್ಲಿ ನಾನೂ ಒಬ್ಬನು. ಹೆಸರಘಟ್ಟದ ಹಾದಿಯಲ್ಲಿ ಕಾಲೇಜುಗಳು ಎದ್ದಂದಿನಿಂದ ನಾನಾ ಪ್ರಾಂತಗಳ ವಿದ್ಯಾರ್ಥಿಗಳು ಈ ಕಟ್ಟೆಯ ಮುಂದೆ ಹಾದುಹೋಗುವರು. ಹೋದ ಮಾಘಮಾಸದಲ್ಲಿ ಒಂದು ದಿನ, ನಮ್ಮ ಬೀದಿಯವನೇ ಆದ ತರುಣನೊಬ್ಬನು ಹೆಗಲಿಗೆ ಇಳಿಯುವಷ್ಟು ಬೆಳೆದ ಕೂದಲನ್ನು ಹಿಂದಕ್ಕೆ ಸೆಳೆದು ಗಂಟುಹಾಕಿಕೊಂಡು ಹೋಗುತ್ತಿದ್ದನು. ಅವನನ್ನು ಕಂಡು ಹಿರಿಯರೊಬ್ಬರು, “ಗಂಡಸಿಗೆ ತುರುಬೇನಯ್ಯಾ? ಇದು ನಮ್ಮ ನಾಡಿನ ನಡತೆಯೇ? ಎಲ್ಲಾ ಹೊರಗಿನಿಂದ ಬಂದದ್ದು” ಎಂದರು. ಉಳಿದವರು ತಲೆದೂಗಿದರು. ನಾನು ಸುಮ್ಮನಿದ್ದೆನು. ಸುಮ್ಮನಿದ್ದುದಕ್ಕೆ ಕಾರಣವುಂಟು, ಅದನ್ನು ಮುಂದೆ ಹೇಳುವೆನು. ಆದರೆ ಆ ಮಾತು ಚರಿತ್ರೆಯ ಮುಂದೆ ಎಷ್ಟು ಮಟ್ಟಿಗೆ ನಿಲ್ಲುವುದೆಂಬ ವಿಚಾರವು ಅಂದು ರಾತ್ರಿ ನನ್ನನ್ನು ಬಿಡಲಿಲ್ಲ. ಅದರ ಫಲವೇ ಈ ಲೇಖನ.

ಮೊದಲು ನಮ್ಮ ಭಾಷೆಯನ್ನೇ ಕೇಳೋಣ. ಜುಟ್ಟು, ಚಂಡಿಕೆ, ಮುಡಿ, ತುರುಬು, ಜಡೆ ಎಂದು ಕೂದಲಿನ ಕಟ್ಟಿಗೆ ಕನ್ನಡದಲ್ಲಿ ಎಷ್ಟೊಂದು ಹೆಸರುಗಳು! ಸಂಸ್ಕೃತದಿಂದ ಬಂದ ಶಿಖೆ, ಜಟೆ, ಚೂಡೆಗಳನ್ನು ಬೇರೆ ಲೆಕ್ಕ ಹಾಕಬೇಕು. ಗಂಡಸರ ಮೋಟುಗೂದಲಿಗೆ ಮಾತ್ರ ನಮ್ಮಲ್ಲಿ ಹಳೆಯ ಹೆಸರೇ ಇಲ್ಲದೆ, ‘ಕ್ರಾಪು’ ಎಂಬ ಇಂಗ್ಲಿಷ್ ಮಾತನ್ನು ಕಡ ತರಬೇಕಾಯಿತು. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂಬ ಗಾದೆಯನ್ನು ಅರಿಯದವರಾರು? ಇಲ್ಲಿ ಹೂ ಮುಡಿದವನು ಗಂಡಸೇ ಎಂದು ನನ್ನ ಮತ, ಹಳಬರ ಮಾತಿನಲ್ಲಿ ಹೆಂಗಸಿಗೆ ತುರುಬು, ಜಡೆ, ಜುಟ್ಟು ಗಂಡಸಿನದು. ಒಬ್ಬನು ಮತ್ತೊಬ್ಬನ ಅಧೀನನಾದರೆ “ಅವನ ಜುಟ್ಟು ಇವನ ಕೈಯಲ್ಲಿದೆ” ಎನ್ನುತ್ತೇವೆ. ಹಿಡಿಯುವುದಕ್ಕೆ ಜುಟ್ಟೇ ಇಲ್ಲದ ಕಾಲದಲ್ಲಿಯೂ ಆ ಮಾತು ಉಳಿದುಕೊಂಡಿದೆ.

ಇನ್ನು ಕಲ್ಲುಗಳ ಸಾಕ್ಷ್ಯ. ನಮ್ಮೂರಿಗೆ ಬಹಳ ದೂರವಲ್ಲದ ಹೆಬ್ಬಾಳದಲ್ಲಿ ೨೦೧೮ರಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ದೊರೆಯಿತು. ಗಂಗರ ಶ್ರೀಪುರುಷನ ಆಳ್ವಿಕೆಯದು, ಸುಮಾರು ಕ್ರಿ. ಶ. ೭೫೦ರದೆಂದು ವಿದ್ವಾಂಸರು ನಿರ್ಣಯಿಸಿರುವರು. ನಮ್ಮ ನಾಡಿನ ವೀರಗಲ್ಲುಗಳನ್ನು ಸಾಲಾಗಿ ನೋಡುತ್ತ ಹೋದರೆ, ಕಾದಿ ಮಡಿದವನ ಕೂದಲು ತಲೆಯ ಹಿಂದೆಯೋ ಪಕ್ಕದಲ್ಲಿಯೋ ಗಂಟಾಗಿ ನಿಂತಿರುವುದು ಮತ್ತೆ ಮತ್ತೆ ಕಾಣುವುದು. ವಿಜಯನಗರದ ಕಾಲದ ದೇವಾಲಯಗಳ ಕಂಬಗಳಲ್ಲಿ ಕೈಮುಗಿದು ನಿಂತ ಭಕ್ತರಿಗೂ ಇಂತಹ ವಾಲುಗಂಟುಗಳುಂಟು. ಜೈನಶಿಲ್ಪದಲ್ಲಿಯೂ ಆದಿನಾಥನ ಗುರುತೇ ಹೆಗಲ ಮೇಲೆ ಇಳಿಬಿದ್ದ ಕೇಶರಾಶಿ. ಕೂದಲನ್ನು ಕಿತ್ತು ತ್ಯಜಿಸುವುದೇ ದೀಕ್ಷೆಯಾದ ಮತದಲ್ಲಿ ಮೊದಲನೆಯ ತೀರ್ಥಂಕರನಿಗೆ ನೀಳಗೂದಲಿರುವುದು ಸೋಜಿಗವೇ ಸರಿ.

ಶಾಸ್ತ್ರದ ಮಾತನ್ನು ಬೇಗ ಮುಗಿಸುವೆನು; ಪಾಠಶಾಲೆಯಲ್ಲಿ ಓದಿದವನು ಅಲ್ಲಿ ಕಾಲಿಟ್ಟರೆ ಹೊರಬರುವುದು ಕಷ್ಟ. ಋಗ್ವೇದದ ಏಳನೆಯ ಮಂಡಲದಲ್ಲಿಯೇ ವಸಿಷ್ಠ ಕುಲದವರನ್ನು ಬಲಗಡೆ ಜಟೆ ಕಟ್ಟಿದವರೆಂದು ಕರೆದಿದೆ. ಎಂದರೆ, ತಲೆ ನೋಡಿ ಕುಲ ಹೇಳುವ ಕಾಲ ಅದು. ಮಲೆಯಾಳದ ನಂಬೂದಿರಿಗಳು ತಲೆಯ ಮುಂಭಾಗದಲ್ಲಿ ಜುಟ್ಟು ಬಿಡುತ್ತಿದ್ದರು, ನಮ್ಮವರು ಹಿಂಭಾಗದಲ್ಲಿ. ಚೌಲದಲ್ಲಿ ತೆಗೆಸಬೇಕು, ಬ್ರಾಹ್ಮಣನಿಗೆ ಹದಿನಾರನೆಯ ವರ್ಷ ಕೇಶಾಂತ, ಹೆಂಡತಿ ಗರ್ಭಿಣಿಯಾಗಿರುವಾಗ ಗಂಡನು ಕ್ಷೌರ ಮಾಡಿಸಿಕೊಳ್ಳಕೂಡದು, ಯತಿಗಳಿಗೆ ಚಾತುರ್ಮಾಸ್ಯ ತೀರುವವರೆಗೆ ವಪನವಿಲ್ಲ ಎಂದು ಕೂದಲು ಬೆಳೆಯುವುದಕ್ಕೂ ಹೋಗುವುದಕ್ಕೂ ಕಟ್ಟುಪಾಡುಗಳಿದ್ದುವು. ಶಿಖೆಯನ್ನು ಬಿಚ್ಚಿ ಪ್ರತಿಜ್ಞೆ ಮಾಡಿದ ಚಾಣಕ್ಯನ ಕಥೆಯು ವಿಶಾಖದತ್ತನ ನಾಟಕದಿಂದ ಪ್ರಸಿದ್ಧವಾದುದು; ಆ ಚಾಣಕ್ಯನ ವೃತ್ತಾಂತವನ್ನು ಮೈಸೂರಿನ ಕೆಂಪುನಾರಾಯಣನು ೧೮೨೩ರಲ್ಲಿ ‘ಮುದ್ರಾಮಂಜೂಷ’ವೆಂದು ಕನ್ನಡ ಗದ್ಯಕ್ಕೆ ತಂದನು. ಅದನ್ನು ಆಗ ಓದಿದವರಿಗೆಲ್ಲ ತಮ್ಮ ತಲೆಯ ಹಿಂದೆಯೇ ಅಂತಹದೊಂದು ಶಿಖೆಯಿತ್ತು. ಬ್ರಾಹ್ಮಣರಿಗೆ ಮಾತ್ರ ಇದ್ದಿತೆಂದು ಭಾವಿಸಬಾರದು. ಹೊಲ ಉಳುವವನು, ಮಗ್ಗದವನು, ವ್ಯಾಪಾರಿ, ಎಲ್ಲರಿಗೂ ಬಹುಮಟ್ಟಿಗೆ ಜುಟ್ಟಿತ್ತು. ರುಮಾಲು ಅದನ್ನು ಮುಚ್ಚುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುವೆನು. ಕ್ರಾಪು ಎಂದರೆ ಕತ್ತರಿಸಿದುದು. ಇಂಗ್ಲಿಷರು ಪೈರಿಗೂ ಅದೇ ಮಾತನ್ನು ಹೇಳುವರು. ಆದರೆ ನಮ್ಮವರು ಏನೆಂದರು? ಕ್ರಾಪು ‘ಹೊಡೆಸಿದ’ ಎನ್ನುವುದಕ್ಕೆ ಮೊದಲು “ಕ್ರಾಪು ಬಿಟ್ಟಿದ್ದಾನೆ” ಎಂದರು. ಗಡ್ಡ ಬಿಟ್ಟ, ಮೀಸೆ ಬಿಟ್ಟ ಎಂಬಂತೆ ಕ್ರಾಪು ಬಿಟ್ಟ! ಇದನ್ನು ನಾನು ಬಾಲ್ಯದಿಂದ ಕೇಳಿದ್ದರೂ ಇದರ ಅರ್ಥ ಹೊಳೆದುದು ಈಚೆಗೆ. ಜುಟ್ಟಿನವನ ಮುಂದಲೆಯೂ ಕಪಾಲದ ಇಕ್ಕೆಲವೂ ಹದಿನೈದು ದಿನಕ್ಕೊಮ್ಮೆ ನುಣ್ಣಗೆ ಬೋಳಾಗುತ್ತಿದ್ದುವು. ಕ್ರಾಪು ಬೇಕಾದರೆ ಅವನು ಮೊದಲು ಮಾಡಬೇಕಾದುದು ಕತ್ತರಿಸುವುದಲ್ಲ, ಆ ಬೋಳನ್ನು ಬೆಳೆಯಗೊಡುವುದು. ಹಣೆಯ ಮೇಲೆ ಕೂದಲು ಬಂದುದೇ ಹಿರಿಯರ ಕಣ್ಣಿಗೆ ಮೊದಲು ಬಿದ್ದ ಅಪರಾಧ. ಹಿಂದಿನ ಜುಟ್ಟು ಹೋದುದು ಆಮೇಲಿನದು. ನಾವು ಇಂದು ಅಚ್ಚುಕಟ್ಟೆನ್ನುವ ತಲೆಯು ಅಂದಿನವರಿಗೆ ಕೂದಲು ಬಿಟ್ಟ ತಲೆಯಾಗಿತ್ತು.

ನನ್ನ ತಂದೆಯವರು ೧೯೪೫ರ ಸುಮಾರಿನಲ್ಲಿ ಈ ಕೆಲಸ ಮಾಡಿದರು. ಆಗ ಅವರಿಗೆ ಹದಿನಾರು ವರ್ಷ. ಬೆಂಗಳೂರಿನಲ್ಲಿ ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದರು. ಸಹಪಾಠಿಗಳಲ್ಲಿ ಅರ್ಧ ಜನ ಕ್ರಾಪಿನವರು. ನಾಲ್ಕು ತಿಂಗಳು ಕ್ಷೌರವನ್ನು ಏನಾದರೊಂದು ನೆವದಿಂದ ತಪ್ಪಿಸಿಕೊಂಡು, ಬೆಳೆಯುತ್ತಿದ್ದ ಮುಂದಲೆಯನ್ನು ಕಪ್ಪು ಟೋಪಿಯಲ್ಲಿ ಅಡಗಿಸಿಟ್ಟುಕೊಂಡರಂತೆ. “ರಾಗಿ ಕೊಯ್ದ ಹೊಲದ ಕೂಳೆ ನೋಡಿದೀಯಾ? ಹಾಗೆ ಚುಚ್ಚುತ್ತಿತ್ತು. ಟೋಪಿ ತೆಗೆಯುವ ಹಾಗಿಲ್ಲ, ಇಟ್ಟುಕೊಂಡರೆ ಸೆಕೆ” ಎಂದು ಅವರು ಹೇಳುತ್ತಿದ್ದರು. ಮುಂದೆ ಕೂಳೆ, ಹಿಂದೆ ಜುಟ್ಟು. ಎರಡು ಕಾಲಗಳು ಒಂದೇ ತಲೆಯ ಮೇಲೆ. ಕೊನೆಗೆ ಒಂದು ದಿನ ಅಂಗಡಿಯಲ್ಲಿ ಕುಳಿತು ಜುಟ್ಟನ್ನು ತೆಗೆಸಿದರು. ಆದರೆ ಅದನ್ನು ಅಲ್ಲಿಯೇ ಬಿಟ್ಟುಬರಲು ಮನಸ್ಸಾಗದೆ ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದರು. ನಮ್ಮ ತಾತನವರು ನೋಡಿ, “ಕೇಶಾಂತ ಸರಿಯಾದ ವಯಸ್ಸಿಗೆ ಆಯಿತು” ಎಂದಷ್ಟೇ ಅಂದು ಒಳಗೆ ಹೋದರು. ಆರು ತಿಂಗಳು ದೇವರ ಮನೆಗೆ ಮಗನ ಕೈಯಿಂದ ನೀರು ತರಿಸಲಿಲ್ಲ. ಅಜ್ಜಿಯವರು ಆ ಕಾಗದದ ಪೊಟ್ಟಣವನ್ನು ಬಹುಕಾಲ ಅಡ್ಡಪೆಟ್ಟಿಗೆಯಲ್ಲಿ ಇಟ್ಟಿದ್ದರೆಂದು ಅತ್ತೆಯವರಿಂದ ಕೇಳಿದ್ದೇನೆ.

ನಮ್ಮಲ್ಲಿ ಜುಟ್ಟು ಹೋದುದು ರಾಜಾಜ್ಞೆಯಿಂದಲ್ಲ ಎಂಬುದನ್ನು ಗಮನಿಸಬೇಕು. ಬೇರೆ ದೇಶಗಳಲ್ಲಿ ಹಾಗಲ್ಲ. ಚೀನಾದೇಶವನ್ನು ಗೆದ್ದ ಮಂಚೂಗಳು ೧೬೪೫ರಲ್ಲಿ, ಗಂಡಸರೆಲ್ಲರೂ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು ಅಪ್ಪಣೆ ಮಾಡಿದರು. ಮೀರಿದವನ ತಲೆಯೇ ಹೋಗುತ್ತಿತ್ತು. ೧೯೧೨ರಲ್ಲಿ ಗಣರಾಜ್ಯವಾದಾಗ ಅದೇ ಜಡೆಯನ್ನು ಕತ್ತರಿಸಬೇಕೆಂದು ಅಪ್ಪಣೆಯಾಯಿತು. ಎರಡೂವರೆ ಶತಮಾನದಲ್ಲಿ ದಾಸ್ಯದ ಗುರುತು ಕುಲಾಚಾರವಾಗಿ ಬೇರೂರಿತ್ತಾದುದರಿಂದ ಅದನ್ನು ಕಳೆದುಕೊಂಡು ಅತ್ತವರೂ ಇದ್ದರು. ಜಪಾನಿನಲ್ಲಿಯೂ ಮುಂದಲೆ ಬೋಳಿಸಿ ಗಂಟು ಕಟ್ಟುವ ಪದ್ಧತಿಯಿದ್ದಿತು. ಅಲ್ಲಿ ೧೮೭೧ರ ರಾಜಶಾಸನವು ಅದನ್ನು ಬಿಡಲು ಅನುಮತಿ ಕೊಟ್ಟಿತು. ನಮ್ಮ ಸಮೀಪದಲ್ಲಿಯೇ, ೧೮೦೫ರಲ್ಲಿ ಮದರಾಸು ಸೈನ್ಯದ ಅಧಿಕಾರಿಗಳು ಸಿಪಾಯಿಗಳು ಹಣೆಯ ಮತಚಿಹ್ನೆಯನ್ನು ಅಳಿಸಬೇಕು, ಗಡ್ಡ ಬೋಳಿಸಬೇಕು, ಮೀಸೆಯನ್ನು ಒಂದೇ ಮಾದರಿಗೆ ತರಬೇಕು, ಹೊಸ ಬಗೆಯ ಟೋಪಿ ಧರಿಸಬೇಕು ಎಂದು ನಿಯಮ ಮಾಡಿದರು. ೧೮೦೬ನೆಯ ಜುಲೈ ೧೦ರಂದು ವೇಲೂರಿನ ಕೋಟೆಯಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಟಿಪ್ಪುವಿನ ಮಕ್ಕಳು ಆ ಕೋಟೆಯಲ್ಲಿಯೇ ಇದ್ದುದೂ ಒಂದು ಕಾರಣವೆನ್ನುವರು. ಆದರೆ ಟೋಪಿ ಗಡ್ಡಗಳ ವಿಷಯವಿಲ್ಲದೆ ಅಷ್ಟು ಜನ ಪ್ರಾಣಕ್ಕೆ ಹೆದರದೆ ಏಳುತ್ತಿದ್ದರೆಂದು ತೋರುವುದಿಲ್ಲ.

ನಮ್ಮ ನಾಡಿನವನೇ ಆದ ಇನ್ನೊಬ್ಬನನ್ನು ಇಲ್ಲಿ ನೆನೆಯಬೇಕು. ಗುರು ಗೋವಿಂದಸಿಂಹರು ೧೬೯೯ರಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿ ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದುಬಂದ ಐವರಲ್ಲಿ ಸಾಹಿಬಸಿಂಹನು ಬೀದರಿನವನೆಂದೂ ಕ್ಷೌರಿಕ ವೃತ್ತಿಯ ಮನೆತನದವನೆಂದೂ ಸಿಖ್ಖರ ಸಂಪ್ರದಾಯ ಹೇಳುವುದು. ಕತ್ತಿ ಹಿಡಿದು ಲೋಕದ ಕೂದಲು ತೆಗೆಯುತ್ತಿದ್ದ ಮನೆಯವನು ತನ್ನ ಒಂದು ಕೂದಲನ್ನೂ ತೆಗೆಸೆನೆಂದು ವ್ರತ ತೊಟ್ಟನು. ಕಾಲೇಜಿಗೆ ಬರುವ ಸಿಖ್ಖ ಹುಡುಗರನ್ನು ಕಂಡಾಗಲೆಲ್ಲ ನನಗೆ ಬೀದರಿನ ನೆನಪಾಗುವುದು.

ಇನ್ನು ನನ್ನ ತಲೆಯ ಕಥೆ. ಪಾಠಶಾಲೆಯಲ್ಲಿದ್ದ ಆರು ವರ್ಷ ನನಗೂ ಜುಟ್ಟಿತ್ತು. ಅಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಎಲ್ಲರಿಗೂ ಇದ್ದುದಷ್ಟೆ. ೧೯೭೬ರಲ್ಲಿ ಕಾಲೇಜಿಗೆ ಸೇರಿದಾಗ ಅಲ್ಲಿನ ಹುಡುಗರಿಗೆ ಕಿವಿ ಮುಚ್ಚಿ ಕತ್ತಿಗೆ ಇಳಿಯುವ ಕೂದಲು. ಜನರು ಅದನ್ನು ಹಿಪ್ಪಿ ಕೂದಲೆನ್ನುತ್ತಿದ್ದರು. ನನಗಿಂತ ಉದ್ದ ಕೂದಲಿನವರು ನನ್ನ ಜುಟ್ಟನ್ನು ಹಿಡಿದೆಳೆದು ನಗುತ್ತಿದ್ದರು! ಬೀದಿಯ ಹಿರಿಯರು ಅವರನ್ನು ಕಂಡು ನಗುತ್ತಿದ್ದರು. ಮೂರು ತಿಂಗಳು ತಾಳಿ ನಾನೂ ತೆಗೆಸಿದೆನು. ತಾವೇ ಒಮ್ಮೆ ಜುಟ್ಟು ತೆಗೆಸಿದ್ದ ನನ್ನ ತಂದೆಯವರು ನನ್ನನ್ನು ನೋಡಿ ಒಂದು ಮಾತನ್ನೂ ಆಡಲಿಲ್ಲ. ಅಂದು ರಾತ್ರಿ ಊಟ ಬೇಡವೆಂದು ಮಲಗಿದರು.

ಇಷ್ಟೆಲ್ಲ ಅನುಭವಿಸಿದವನು ಉಪಾಧ್ಯಾಯನಾದ ಮೇಲೆ ಮೃದುವಾಗಿದ್ದಿರಬೇಕೆಂದು ವಾಚಕರು ಎಣಿಸಬಹುದು. ಹಾಗಾಗಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಅಡಿಕೋಲು ಹಿಡಿದು ಹುಡುಗರ ಕತ್ತಿನ ಹಿಂದೆ ನಿಂತು ಕೂದಲು ಅಂಗಿಯ ಕಾಲರನ್ನು ಮುಟ್ಟುವುದೋ ಎಂದು ನೋಡುವುದು ನನ್ನ ಪಾಲಿನ ಕೆಲಸವಾಗಿತ್ತು. ಅದನ್ನು ನಾನು ಇಷ್ಟಪಟ್ಟೇ ಮಾಡುತ್ತಿದ್ದೆನು. ಸುಮಾರು ಮೂವತ್ತೈದು ವರ್ಷಗಳ ಹಿಂದೆ ಎಂಟನೆಯ ತರಗತಿಯ ಒಬ್ಬ ಹುಡುಗನ ಕೂದಲು ಹೆಗಲಿಗೆ ಬಂದಿತ್ತು. ಎರಡು ಸಲ ಹೇಳಿದೆನು. “ಹರಕೆ ಸಾರ್” ಎಂದನು. ಮಾತು ತಪ್ಪಿಸುವುದಕ್ಕೆ ಹುಡುಗರು ಹೇಳುವ ನೆವಗಳಲ್ಲಿ ಅದೂ ಒಂದೆಂದು ಎಣಿಸಿ, ಜವಾನನ ಜೊತೆಯಲ್ಲಿ ಅಂಗಡಿಗೆ ಕಳುಹಿಸಿ ಕತ್ತರಿಸಿಸಿದೆನು. ಮಾರನೆಯ ದಿನ ಅವನ ತಾಯಿ ಬಂದಳು. ಗಂಡನು ಹಾಸಿಗೆ ಹಿಡಿದಿದ್ದನು; ಶಿವರಾತ್ರಿಗೆ ಮಾದೇಶ್ವರನ ಬೆಟ್ಟಕ್ಕೆ ಹೋಗಿ ಮಗನ ಮುಡಿ ಕೊಡುವುದಾಗಿ ಹರಸಿಕೊಂಡಿದ್ದಳು. ಅವಳು ಕೂಗಾಡಲಿಲ್ಲ. “ಮೇಷ್ಟ್ರೇ, ಅಂಗಡಿ ನೆಲದ ಮ್ಯಾಲೆ ಬಿದ್ದ ಕೂದ್ಲ ದೇವ್ರಿಗೆ ಹೆಂಗೆ ಒಪ್ಪಿಸ್ಲಿ?” ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಮುಡಿ ಎಂಬ ಮಾತಿಗೂ ದೇವರಿಗೆಂದು ತೆಗೆದಿಟ್ಟ ಮುಡಿಪಿಗೂ ಇರುವ ನಂಟನ್ನು ತರಗತಿಯಲ್ಲಿ ವಿವರಿಸುತ್ತಿದ್ದವನು ನಾನೇ. ಹುಡುಗನು ಮರುವರ್ಷ ಶಾಲೆಗೆ ಬರಲಿಲ್ಲ.

ಕಟ್ಟೆಯ ಮೇಲೆ ನಾನು ಸುಮ್ಮನಿದ್ದುದು ಇದರಿಂದ.

ಆ ತರುಣನ ವಿಷಯವನ್ನು ಹೇಳಿ ಮುಗಿಸುವೆನು. ಕೆಲವು ದಿನಗಳ ಮೇಲೆ ಅವನು ನಮ್ಮ ಮನೆಗೆ ಏನೋ ಕಾಗದಕ್ಕೆ ರುಜು ಮಾಡಿಸಿಕೊಳ್ಳಲು ಬಂದಿದ್ದನು. ಕೂದಲನ್ನೇಕೆ ಬಿಟ್ಟಿರುವೆ ಎಂದು ಕೇಳಿದೆನು. ಅರ್ಬುದ ರೋಗದ ಚಿಕಿತ್ಸೆಯಿಂದ ತಲೆಗೂದಲು ಉದುರಿದವರಿಗೆ ಕೃತಕ ಕೇಶ ಕಟ್ಟಿಕೊಡುವವರಿರುವರಂತೆ. ಅವರಿಗೆ ಕೊಡುವುದಕ್ಕಾಗಿ ಎಂದನು. ಅವನ ಅಕ್ಕನಿಗೆ ಹೋದ ವರ್ಷ ಆ ಚಿಕಿತ್ಸೆಯಾಗಿತ್ತೆಂಬುದು ನನಗೆ ತಿಳಿದಿರಲಿಲ್ಲ. ಹನ್ನೆರಡು ಅಂಗುಲವಾದರೂ ಉದ್ದವಿರಬೇಕಂತೆ. ಕೂದಲು ತಿಂಗಳಿಗೆ ಅರ್ಧ ಅಂಗುಲದಂತೆ ಬೆಳೆಯುವುದಾದುದರಿಂದ ಎರಡು ವರ್ಷಗಳ ಕೆಲಸ. “ನೀವು ಅಳೆದು ನೋಡ್ತೀರಾ ಸಾರ್? ಒಬ್ಬನೇ ಹಿಂದುಗಡೆ ಅಳೆಯೋಕಾಗಲ್ಲ” ಎಂದು ತಿರುಗಿ ಕುಳಿತು ಗಂಟನ್ನು ಬಿಚ್ಚಿದನು.

ಒಳಗಿನಿಂದ ಅಡಿಕೋಲನ್ನು ತಂದೆನು. ನಿವೃತ್ತಿಯಾದಾಗ ಶಾಲೆಯಿಂದ ಜೊತೆಗೆ ತಂದುದು ಅದೊಂದೇ ವಸ್ತು. ಒಂಬತ್ತೂವರೆ ಅಂಗುಲವಾಗಿತ್ತು. ಇನ್ನು ಐದು ತಿಂಗಳು ಬೇಕೆಂದು ಲೆಕ್ಕ ಹಾಕಿ ಹೇಳಿದೆನು. “ಆಷಾಢಕ್ಕೆ ಬರ್ತೀನಿ ಸಾರ್, ಇನ್ನೊಂದು ಸಲ ನೋಡಿಬಿಡಿ” ಎಂದು ಗಂಟು ಕಟ್ಟಿಕೊಂಡು ಹೋದನು.